ಒಂದೇ ಮೆಷಿನ್, ಎರಡು ಪಾರ್ಟಿ: ಯಾರ ಜಾಬ್ ಮೊದಲು ಹಾಕಬೇಕು?

ವೈಟ್ ಬೋರ್ಡ್ ಮೇಲೆ ಆರು ಜಾಬ್. ಆರರ ಮುಂದೆಯೂ ಕೆಂಪು ಪೆನ್ನಿನಲ್ಲಿ ಒಂದೇ ಮಾತು: ‘ಅರ್ಜೆಂಟ್’.

ಪೀಣ್ಯದ ಸಣ್ಣ ಮೆಷಿನ್ ಶಾಪುಗಳಲ್ಲಿ ಇಂಥ ಬೋರ್ಡು ಮಾಮೂಲು. ಹುಬ್ಬಳ್ಳಿಯ ಗೋಕುಲ ರಸ್ತೆಗೆ ಹೋಗಿ, ಬೆಳಗಾವಿಯ ಉದ್ಯಮಬಾಗಕ್ಕೆ ಹೋಗಿ, ಅಲ್ಲೂ ಸಿಗುತ್ತದೆ. ನಾನು ಪ್ಲಾನಿಂಗ್ ನೋಡಿಕೊಳ್ಳುತ್ತಿದ್ದ ಶೆಡ್ಡಿನಲ್ಲಿ ಅದನ್ನು ಬರೆಯುವ ಕೆಲಸ ನನ್ನದೇ. ಆಪರೇಟರ್ ಅದನ್ನು ಓದುವ ಗೋಜಿಗೇ ಹೋಗುತ್ತಿರಲಿಲ್ಲ. ‘ಸಾರ್, ಈಗ ಯಾವುದು ಹಾಕ್ಲಿ, ಅಷ್ಟು ಹೇಳಿ’ ಅನ್ನುತ್ತಿದ್ದರು. ಯಾರ ಫೋನ್ ಕೊನೆಗೆ ಬಂದಿತ್ತೋ ಅವರ ಜಾಬ್ ಹೆಸರು ಹೇಳುತ್ತಿದ್ದೆ. ನನ್ನ ಪ್ಲಾನಿಂಗ್ ಅಂದರೆ ಅಷ್ಟೇ.

ಆಮೇಲೆ ಗೊತ್ತಾಯಿತು, ಈ ತಲೆನೋವಿಗೆ ಗಣಿತದಲ್ಲಿ ಒಂದು ದೊಡ್ಡ ಶಾಖೆಯೇ ಇದೆ ಅಂತ. ಅದರಲ್ಲೂ ಎರಡು ಪಾರ್ಟಿಗಳು, ಅಂದರೆ ಕೆಲಸ ಕೊಡುವ ಗಿರಾಕಿಗಳು, ಒಂದೇ ಮೆಷಿನ್ನಿಗೆ ಪೈಪೋಟಿ ಮಾಡುವ ಲೆಕ್ಕ ತೀರಾ ಹಳೆಯದಲ್ಲ. 2003ರಲ್ಲಿ ಕೆನೆತ್ ಬೇಕರ್ ಮತ್ತು ಕೋಲ್ ಸ್ಮಿತ್, 2004ರಲ್ಲಿ ಇಟಲಿಯ ಅಲೆಸಾಂಡ್ರೊ ಅಗ್ನೆಟಿಸ್ ಮತ್ತು ಜೊತೆಗಾರರು ಇದನ್ನು ಬೇರೆಯದೇ ಪ್ರಶ್ನೆಯಾಗಿ ಎತ್ತಿಕೊಂಡರು. ಅದಕ್ಕೂ ಮೊದಲು ಐವತ್ತು ವರ್ಷ ಎಲ್ಲರೂ ಕೇಳುತ್ತಿದ್ದದ್ದು ‘ಫ್ಯಾಕ್ಟರಿಗೆ ಯಾವ ಸಾಲು ಒಳ್ಳೆಯದು?’ ಅಂತ. ಇವರು ಕೇಳಿದ್ದು ‘ಯಾರಿಗೆ ಒಳ್ಳೆಯದು?’ ಅಂತ.

ಒಂದು ಲೆಕ್ಕ ಇಟ್ಟುಕೊಂಡೇ ನೋಡೋಣ. ಸಂಖ್ಯೆಗಳನ್ನು ಸುಲಭ ಆಗಲಿ ಅಂತ ನಾನೇ ಇಟ್ಟಿದ್ದೇನೆ.

ಶೆಡ್ಡಿನಲ್ಲಿ ಒಂದೇ ವಿಎಂಸಿ ಮೆಷಿನ್ ಇದೆ, ಅಂದರೆ ಕಂಪ್ಯೂಟರ್ ಹೇಳಿದ ಹಾಗೆ ಲೋಹ ಕೊರೆಯುವ ಮೆಷಿನ್. ಮೊದಲ ಪಾರ್ಟಿ ಪಂಪಿನವರು. ಅವರದು ನಾಲ್ಕು ಲಾಟ್: 1, 2, 3 ಮತ್ತು 4 ಗಂಟೆಯ ಕೆಲಸ. ನಾಲ್ಕೂ ಬೇರೆ ಬೇರೆ ರಿಪೇರಿ ಅಂಗಡಿಗೆ ಹೋಗುವ ಮಾಲು. ಒಂದು ಲಾಟ್ ಮುಗಿಯುತ್ತಿದ್ದ ಹಾಗೆ ಅವರ ಹುಡುಗ ಬೈಕಿನಲ್ಲಿ ಬಂದು ಒಯ್ಯುತ್ತಾನೆ. ಹಾಗಾಗಿ ಅವರಿಗೆ ಬೇಕಾದದ್ದು ನಾಲ್ಕೂ ಲಾಟ್ ಸರಾಸರಿಯಲ್ಲಿ ಬೇಗ ಕೈಗೆ ಸಿಗುವುದು.

ಎರಡನೆಯವರು ಗೇರ್ ಬಾಕ್ಸಿನವರು. ಅವರದು ಎರಡೇ ಲಾಟ್: ಹೌಸಿಂಗ್ (ಹೊರಗಿನ ಪೆಟ್ಟಿಗೆ) 5 ಗಂಟೆ, ಕವರ್ 3 ಗಂಟೆ. ಎರಡೂ ಸೇರಿದರೆ ಮಾತ್ರ ಅಸೆಂಬ್ಲಿ. ಬರೀ ಕವರ್ ಬೇಗ ಕೊಟ್ಟರೆ ಅವರು ಅದನ್ನಿಟ್ಟುಕೊಂಡು ಏನು ಮಾಡಬೇಕು? ಅವರ ಟೆಂಪೊ ಬರುವುದೇ ಒಂದು ಸಲ. ಎರಡನೇ ಲಾಟ್ ಯಾವಾಗ ಮುಗಿಯುತ್ತದೆ ಅನ್ನುವುದೊಂದೇ ಅವರಿಗೆ ಮುಖ್ಯ.

ಒಟ್ಟು 18 ಗಂಟೆ ಕೆಲಸ. ಎರಡು ಶಿಫ್ಟಿಗಿಂತ ಸ್ವಲ್ಪ ಜಾಸ್ತಿ.

ಮೊದಲು ಎಲ್ಲರೂ ‘ನ್ಯಾಯ’ ಅಂದುಕೊಳ್ಳುವ ದಾರಿ: ಬಂದ ಸಾಲಿನಲ್ಲೇ ಹಾಕುವುದು. ಆರ್ಡರ್ ಬಂದದ್ದು ಹೀಗೆ ಅಂದುಕೊಳ್ಳಿ: ಹೌಸಿಂಗ್, ಪಂಪಿನ 4 ಗಂಟೆಯದು, ಪಂಪಿನ 1 ಗಂಟೆಯದು, ಕವರ್, ಪಂಪಿನ 2 ಗಂಟೆಯದು, ಕೊನೆಗೆ ಪಂಪಿನ 3 ಗಂಟೆಯದು. ಪಂಪಿನವರ ಲಾಟುಗಳು ಮುಗಿಯುವುದು 9, 10, 15 ಮತ್ತು 18ನೇ ಗಂಟೆಗೆ. ಸರಾಸರಿ 13. ಗೇರ್ ಬಾಕ್ಸಿನವರ ಮಾಲು ತಯಾರಾಗುವುದು 13ನೇ ಗಂಟೆಗೆ.

ಈಗ ಸಾಲು ಸ್ವಲ್ಪ ಬದಲಿಸಿ. ಪಂಪಿನ 1 ಮತ್ತು 2 ಗಂಟೆಯವು ಮೊದಲು. ಆಮೇಲೆ ಗೇರ್ ಬಾಕ್ಸಿನ ಎರಡೂ ಲಾಟ್ ಒಟ್ಟಿಗೆ. ಕೊನೆಗೆ ಪಂಪಿನ 3 ಮತ್ತು 4. ಪಂಪಿನವರಿಗೆ 1, 3, 14, 18ನೇ ಗಂಟೆಗೆ ಮಾಲು ಸಿಕ್ಕಿತು. ಸರಾಸರಿ 9. ಗೇರ್ ಬಾಕ್ಸಿನವರಿಗೆ 11ಕ್ಕೇ ಸಿಕ್ಕಿತು.

ಗಮನಿಸಿದಿರಾ? ಇಬ್ಬರಿಗೂ ಲಾಭ. ಮೆಷಿನ್ ಒಂದು ನಿಮಿಷವೂ ಜಾಸ್ತಿ ಓಡಲಿಲ್ಲ. ಯಾರ ಪಾಲನ್ನೂ ಕಿತ್ತುಕೊಂಡಿಲ್ಲ. ಬಂದ ಸಾಲಿನಲ್ಲಿ ಹಾಕಿದಾಗ ಪಂಪಿನವರ ಸರಾಸರಿ 4 ಗಂಟೆ, ಗೇರ್ ಬಾಕ್ಸಿನವರ 2 ಗಂಟೆ ಯಾರಿಗೂ ಸಿಗದೆ ಹಾಳಾಗುತ್ತಿತ್ತು.

ಇದಕ್ಕೆ ಪುಸ್ತಕದ ಉತ್ತರ ಒಂದಿದೆ ಅಂತ ಕೆಲವರು ಹೇಳಬಹುದು: ‘ಚಿಕ್ಕ ಜಾಬ್ ಮೊದಲು ಹಾಕು’. 1956ರಲ್ಲಿ ವೇಯ್ನ್ ಸ್ಮಿತ್ ಇದನ್ನು ಸಾಬೀತು ಮಾಡಿದರು. ಕಾರಣ ಸರಳ. ಮುಂದಿರುವ ಜಾಬ್ ಎಷ್ಟು ಹೊತ್ತು ತಿನ್ನುತ್ತದೋ ಅಷ್ಟು ಹೊತ್ತು ಹಿಂದಿರುವ ಎಲ್ಲ ಜಾಬೂ ಕಾಯಬೇಕು. ಜಾಸ್ತಿ ಜನ ಕಾಯುವಾಗ ಮುಂದೆ ಇರುವುದು ಚಿಕ್ಕದಾಗಿರಲಿ, ಅಷ್ಟೆ. ಹಿಟ್ಟಿನ ಗಿರಣಿಯಲ್ಲಿ ಒಂದು ಸೇರು ತಂದವರು ‘ಅಣ್ಣ, ಇದೊಂದು ಹಾಕಿಬಿಡಿ’ ಅಂದರೆ ಮೂಟೆ ತಂದವರು ಬಿಟ್ಟುಕೊಡುವುದೂ ಈ ಲೆಕ್ಕದಲ್ಲೇ. ಜಾಬಿಗೊಂದು ತೂಕ ಇದ್ದರೆ, ಅಂದರೆ ಒಂದಕ್ಕೆ ತಡವಾದರೆ ದಂಡ ಜಾಸ್ತಿ ಅನ್ನುವ ಹಾಗಿದ್ದರೆ, ತೂಕವನ್ನು ಗಂಟೆಯಿಂದ ಭಾಗಿಸಿ ದೊಡ್ಡದನ್ನು ಮುಂದೆ ಹಾಕಬೇಕು. ನಮ್ಮಲ್ಲಿ ಬಿಲ್ ಬೇಗ ಪಾಸ್ ಮಾಡುವ ಪಾರ್ಟಿಗೆ ತೂಕ ಜಾಸ್ತಿ. ಸಣ್ಣ ಉದ್ದಿಮೆಗಳಿಗೆ ಕೊಡಬೇಕಾದ ಹಣವನ್ನು 45 ದಿನ ಮೀರಿಸಬಾರದು ಅಂತ 2006ರ ಕಾಯ್ದೆ ಹೇಳುತ್ತದೆ. ಹೇಳುತ್ತದೆ.

ಸರಿ, ಸ್ಮಿತ್ ನಿಯಮವನ್ನು ಆರೂ ಜಾಬಿಗೆ ಹಾಕೋಣ. ಸಾಲು: ಪಂಪಿನ 1, 2, 3, ಆಮೇಲೆ ಕವರ್ 3, ಪಂಪಿನ 4, ಕೊನೆಗೆ ಹೌಸಿಂಗ್ 5. ಪಂಪಿನವರ ಸರಾಸರಿ 5.75 ಗಂಟೆ. ಗೇರ್ ಬಾಕ್ಸ್ 18ಕ್ಕೆ.

ಈಗ ಕವರನ್ನು ಮಧ್ಯದಿಂದ ಎತ್ತಿ ಹೌಸಿಂಗ್ ಪಕ್ಕಕ್ಕೆ ಕೊನೆಗೆ ಹಾಕಿ. ಗೇರ್ ಬಾಕ್ಸಿನವರಿಗೆ ಏನೂ ನಷ್ಟ ಇಲ್ಲ, ಮುಂಚೆಯೂ 18, ಈಗಲೂ 18. ಪಂಪಿನವರ ಸರಾಸರಿ 5.75ರಿಂದ 5ಕ್ಕೆ ಇಳಿಯಿತು. ಅಂದರೆ ಕವರ್ ಮುಂದೆ ಹೋಗಿ ಕೂತು ಯಾರಿಗೂ ಉಪಕಾರ ಮಾಡಿರಲಿಲ್ಲ. ಪಂಪಿನವರನ್ನು ಸುಮ್ನೆ 3 ಗಂಟೆ ಕಾಯಿಸಿತ್ತು.

ನಿಯಮ ತಪ್ಪಲ್ಲ. ಎರಡು ಪಾರ್ಟಿಯ ಜಾಬುಗಳನ್ನು ಒಂದೇ ರಾಶಿ ಮಾಡಿದ್ದು ತಪ್ಪು. ಪಂಪಿನವರಿಗೆ ಸರಾಸರಿ ಬೇಕು, ಗೇರ್ ಬಾಕ್ಸಿನವರಿಗೆ ಕೊನೆಯ ಗಂಟೆ ಬೇಕು. ಬೇರೆ ಬೇರೆ ಆಸೆಯನ್ನು ಒಂದೇ ತಕ್ಕಡಿಗೆ ಹಾಕಿದರೆ ಹೀಗೇ ಆಗುವುದು.

ಒಬ್ಬರಿಗೆ ಮಾತು, ಇನ್ನೊಬ್ಬರಿಗೆ ಉಳಿದದ್ದರಲ್ಲಿ ಒಳ್ಳೆಯದು

ಹಾಗಾದರೆ ಮಾಡುವುದು ಹೇಗೆ? ಒಂದು ಪಾರ್ಟಿಗೆ ಗಂಟೆ ಹೇಳಿ ಮಾತು ಕೊಡುವುದು. ಆ ಮಾತು ಮುರಿಯದ ಹಾಗೆ ಇನ್ನೊಬ್ಬರಿಗೆ ಆದಷ್ಟು ಬೇಗ ಮಾಡಿಕೊಡುವುದು. ಅಗ್ನೆಟಿಸ್ ಮತ್ತು ಜೊತೆಗಾರರ ಲೆಕ್ಕದ ತಿರುಳು ಇಷ್ಟೇ.

ನಮ್ಮ ಉದಾಹರಣೆಯಲ್ಲಿ ಎರಡು ಸಂಗತಿ ತಾನಾಗಿ ಹೊರಬರುತ್ತವೆ. ಗೇರ್ ಬಾಕ್ಸಿನವರಿಗೆ ಕೊನೆಯ ಲಾಟ್ ಮಾತ್ರ ಮುಖ್ಯ. ಹಾಗಾಗಿ ಮೊದಲ ಲಾಟನ್ನು ಮುಂದೆ ಹಾಕುವುದರಲ್ಲಿ ಅರ್ಥವಿಲ್ಲ, ಎರಡನ್ನೂ ಅಂಟಿಸಿ 8 ಗಂಟೆಯ ಒಂದೇ ಗಟ್ಟಿ ಮಾಡಿ. ಪಂಪಿನವರ ಲಾಟುಗಳು ತಮ್ಮತಮ್ಮಲ್ಲಿ ಯಾವಾಗಲೂ ಚಿಕ್ಕದು ಮೊದಲು. ಇನ್ನು ಉಳಿಯುವ ಪ್ರಶ್ನೆ ಒಂದೇ: ಆ 8 ಗಂಟೆಯ ಗಟ್ಟಿಯನ್ನು ಪಂಪಿನ ಸಾಲಿನ ಯಾವ ಸಂದಿಯಲ್ಲಿ ತೂರಿಸುವುದು?

ಐದು ಸಂದಿ ಇವೆ. ಎಲ್ಲಕ್ಕಿಂತ ಮುಂದೆ ಹಾಕಿದರೆ ಗೇರ್ ಬಾಕ್ಸ್ 8ಕ್ಕೆ ಮುಗಿಯುತ್ತದೆ, ಪಂಪಿನವರ ಸರಾಸರಿ 13. ಒಂದು ಪಂಪ್ ಲಾಟ್ ಮುಂದೆ ಬಿಟ್ಟರೆ 9 ಮತ್ತು 11. ಎರಡು ಬಿಟ್ಟರೆ 11 ಮತ್ತು 9. ಮೂರು ಬಿಟ್ಟರೆ 14 ಮತ್ತು 7. ನಾಲ್ಕೂ ಬಿಟ್ಟರೆ 18 ಮತ್ತು 5.

ಈ ಐದನ್ನು ಒಂದು ಹಾಳೆಯಲ್ಲಿ ಬರೆದು ಎದುರಿಗಿಟ್ಟುಕೊಳ್ಳಿ. ಪ್ರತಿ ಹೆಜ್ಜೆಗೂ ಪಂಪಿನವರ ಸರಾಸರಿ ಸರಿಯಾಗಿ 2 ಗಂಟೆ ಇಳಿಯುತ್ತದೆ. ಗೇರ್ ಬಾಕ್ಸಿನವರು ಅದಕ್ಕೆ ತೆರುವ ಬೆಲೆ ಮಾತ್ರ ಏರುತ್ತಾ ಹೋಗುತ್ತದೆ: ಮೊದಲು 1 ಗಂಟೆ, ಆಮೇಲೆ 2, 3, 4. ಮೊದಲ ಹೆಜ್ಜೆ ಅಗ್ಗ. ಒಂದು ಗಂಟೆ ಬಿಟ್ಟುಕೊಟ್ಟರೆ ಎದುರಿನವರ ನಾಲ್ಕು ಲಾಟಿಗೆ ಸೇರಿ 8 ಗಂಟೆ ಕಾಯುವುದು ತಪ್ಪುತ್ತದೆ. ಕೊನೆಯ ಹೆಜ್ಜೆ ದುಬಾರಿ.

ಈ ಐದರಲ್ಲಿ ಸರಿಯಾದದ್ದು ಯಾವುದು ಅಂತ ಗಣಿತ ಹೇಳುವುದಿಲ್ಲ. ಈ ಐದನ್ನು ಬಿಟ್ಟು ಬೇರೆ ಯಾವ ಸಾಲನ್ನು ಹಾಕಿದರೂ ಇಬ್ಬರಲ್ಲಿ ಒಬ್ಬರಿಗಾದರೂ ಸುಮ್ನೆ ನಷ್ಟ ಅಂತ ಮಾತ್ರ ಹೇಳುತ್ತದೆ. ನನಗೆ ಅಷ್ಟೇ ದೊಡ್ಡ ಉಪಕಾರ ಅನಿಸಿತು. ಆರು ಜಾಬನ್ನು 720 ರೀತಿ ಸಾಲು ಮಾಡಬಹುದು. ಅದು ಐದು ಆಯ್ಕೆಗೆ ಇಳಿಯಿತಲ್ಲ. ಐದರಲ್ಲಿ ಒಂದನ್ನು ಆರಿಸುವುದು ಮಾಲೀಕರ ಕೆಲಸ, ಅಥವಾ ಎರಡು ಪಾರ್ಟಿ ಮಾತಾಡಿಕೊಳ್ಳುವ ಕೆಲಸ.

ಈಗ ಇನ್ನೊಂದು ಮಜಾ ಇದೆ. ಗೇರ್ ಬಾಕ್ಸಿನವರು ಎರಡೂ ಒಟ್ಟಿಗೆ ಬೇಡ, ಒಂದೊಂದಕ್ಕೂ ಬೇರೆ ಗಡುವು ಅಂದರು ಅನ್ನಿ. ಕವರ್ ಪೌಡರ್ ಕೋಟಿಂಗಿಗೆ ಹೋಗಬೇಕು, ಅದು 9ನೇ ಗಂಟೆಗೆ ಬೇಕು. ಹೌಸಿಂಗ್ 16ಕ್ಕೆ ಸಿಕ್ಕರೆ ಸಾಕು. ಪಂಪಿನವರ ಆಸೆ ಹಿಂದಿನದೇ.

ಇದಕ್ಕೆ ಕೊನೆಯಿಂದ ಹಿಂದಕ್ಕೆ ಬರಬೇಕು. ಒಟ್ಟು 18 ಗಂಟೆ. 18ಕ್ಕೆ ಮುಗಿಯುವ ಜಾಗದಲ್ಲಿ ಗೇರ್ ಬಾಕ್ಸಿನ ಯಾವುದಾದರೂ ಕೂರುತ್ತದಾ? ಕವರಿಗೆ 9, ಹೌಸಿಂಗಿಗೆ 16, ಎರಡೂ ಆಗದು. ಆಗದಿದ್ದರೆ ಪಂಪಿನವರ ಉದ್ದನೆಯ ಲಾಟ್ ಹಾಕಿ, 4 ಗಂಟೆಯದು. ಈಗ 14ಕ್ಕೆ ಬಂದೆವು. ಹೌಸಿಂಗ್ ಕೂರುತ್ತದಾ? ಗಡುವು 16, ಆರಾಮಾಗಿ ಕೂರುತ್ತದೆ, ಹಾಕಿ. 9ಕ್ಕೆ ಬಂದೆವು. ಕವರ್? ಗಡುವು 9, ಸರಿಯಾಗಿ ಕೂತಿತು. ಉಳಿದದ್ದು 6 ಗಂಟೆ, ಪಂಪಿನ 3, 2, 1. ಮುಗಿಯಿತು. ಗಡುವು ಎರಡೂ ಉಳಿದವು, ಪಂಪಿನವರ ಸರಾಸರಿ 7. ಈ ಗಡುವುಗಳೊಳಗೆ ಇದಕ್ಕಿಂತ ಕಡಿಮೆ ಮಾಡಲು ಆಗುವುದೇ ಇಲ್ಲ.

ಗಡುವಿನವರ ಜಾಬನ್ನು ಸಾಧ್ಯವಾದಷ್ಟು ಹಿಂದೆ ಇಡು ಅನ್ನುವುದು ಮೊದಲು ಕೇಳಿದಾಗ ಉಲ್ಟಾ ಅನಿಸುತ್ತದೆ, ಅಲ್ವಾ? ನಾವೆಲ್ಲ ಗಡುವಿನದನ್ನು ಮೊದಲು ಮುಗಿಸಿ ನಿಟ್ಟುಸಿರು ಬಿಡುವವರು. ಆದರೆ ಅದನ್ನು ಬೇಗ ಮುಗಿಸಿ ರ‍್ಯಾಕಿನಲ್ಲಿ ಇಟ್ಟರೆ ಅವರಿಗೆ ಲಾಭ ಇಲ್ಲ, ಮುಂದಿನ ಜಾಗ ಮಾತ್ರ ಹೋಯಿತು.

ಆಸೆ ಬದಲಾದರೆ ಲೆಕ್ಕವೇ ಬೇರೆ

ಮೇಲಿನದು ಹಾಳೆ ಮೇಲೆ ಮಾಡುವಷ್ಟು ಸುಲಭ. ಇನ್ನೊಂದು ಸಣ್ಣ ಬದಲಾವಣೆ ಮಾಡಿ: ಗೇರ್ ಬಾಕ್ಸಿನವರೂ ‘ನಮಗೂ ಸರಾಸರಿಯೇ ಮುಖ್ಯ’ ಅಂದರು. ಇಬ್ಬರ ಆಸೆ ಒಂದೇ ಆಯಿತು, ಇನ್ನೂ ಸುಲಭ ಆಗಬೇಕಲ್ಲ? ಇಲ್ಲ, ಕಷ್ಟವಾಗುತ್ತದೆ. ಪ್ರತಿಯೊಬ್ಬರ ಒಳಗೆ ಚಿಕ್ಕದು ಮೊದಲು ಅನ್ನುವುದು ಉಳಿಯುತ್ತದೆ. ಆದರೆ ಎರಡು ಸಾಲನ್ನು ಜಡೆ ಹೆಣೆದ ಹಾಗೆ ಹೆಣೆಯಬೇಕು. ನಾಲ್ಕು ಮತ್ತು ಎರಡು ಜಾಬಿದ್ದರೆ 15 ರೀತಿ. ಇಬ್ಬರಿಗೂ 20 ಜಾಬಿದ್ದರೆ ಸುಮಾರು 13,784 ಕೋಟಿ ರೀತಿ. ಎಲ್ಲ ಸಂದರ್ಭಕ್ಕೂ ಆಗುವಂಥ ಚುರುಕಾದ ದಾರಿ ಯಾರಿಗೂ ಸಿಕ್ಕಿಲ್ಲ, ಇರಲಾರದು ಅಂತಲೇ ಹೆಚ್ಚಿನವರ ನಂಬಿಕೆ. ಕೆಲಸದ ಅವಧಿಗಳು ಸಣ್ಣ ಪೂರ್ಣ ಸಂಖ್ಯೆಗಳಾಗಿದ್ದರೆ ಕಂಪ್ಯೂಟರ್ ಹೇಗೋ ಮಾಡಿಕೊಡುತ್ತದೆ. ಹಾಗಾಗಿ ಸಣ್ಣ ಶೆಡ್ಡಿನವರು ಇದಕ್ಕೆ ಹೆದರಬೇಕಿಲ್ಲ.

ಹೆದರಬೇಕಾದದ್ದು ಸೆಟ್ಟಿಂಗಿಗೆ. ಇಲ್ಲಿವರೆಗೆ ಒಂದು ಪಾರ್ಟಿಯ ಜಾಬ್ ಇಳಿಸಿ ಇನ್ನೊಂದನ್ನು ಏರಿಸಲು ಸಮಯವೇ ಬೇಡ ಅನ್ನುವ ಹಾಗೆ ಮಾತಾಡಿದೆ. ಶಾಪಿನಲ್ಲಿ ಕೆಲಸ ಮಾಡಿದವರು ಇಷ್ಟು ಹೊತ್ತಿಗೆ ನಕ್ಕಿರುತ್ತಾರೆ. ಜಾಬನ್ನು ಹಿಡಿದಿಡುವ ಫಿಕ್ಸ್‌ಚರ್ ಬಿಚ್ಚಬೇಕು, ಬೆಡ್ ಒರೆಸಬೇಕು, ಹೊಸದನ್ನು ಕೂರಿಸಿ ಡಯಲ್ ಹಿಡಿದು ನೋಡಬೇಕು, ಟೂಲ್ ಬದಲಿಸಿ ಆಫ್‌ಸೆಟ್ ಕೊಡಬೇಕು, ಮೊದಲ ಪೀಸ್ ಇನ್‌ಸ್ಪೆಕ್ಷನ್ ಆಗಬೇಕು.

ಗಿರಣಿಯವರಿಗೆ ಇದು ಚೆನ್ನಾಗಿ ಗೊತ್ತು. ರಾಗಿ ಆದ ಮೇಲೆ ಗೋಧಿ ಹಾಕಿದರೆ ಒಂದು ಹಿಡಿ ಹಿಟ್ಟು ಬಣ್ಣ ಕೆಡುತ್ತದೆ, ಅಷ್ಟೆ. ಖಾರದ ಪುಡಿ ಬೀಸಿದ ಮೇಲೆ ರಾಗಿ ಹಾಕಿದರೆ ಮನೆಯಲ್ಲಿ ಮುದ್ದೆ ತಿಂದವರು ಗಿರಣಿಗೆ ಬಂದು ಜಗಳ ಮಾಡುತ್ತಾರೆ. ಅದಕ್ಕೇ ಮೆಣಸಿನಕಾಯಿಗೆ ಬೇರೆ ಕಲ್ಲು, ಇಲ್ಲವೇ ಬೇರೆ ಹೊತ್ತು. ಯಾವುದರ ಮೇಲೆ ಯಾವುದು ಬರುತ್ತದೆ ಅನ್ನುವುದರ ಮೇಲೆ ತೊಳೆಯುವ ಖರ್ಚು ನಿಂತಿದೆ. ಮೆಷಿನ್ ಶಾಪಿನಲ್ಲೂ ಹಾಗೇ.

ಪಾರ್ಟಿ ಬದಲಾದಾಗಲೆಲ್ಲ 1 ಗಂಟೆ ಸೆಟ್ಟಿಂಗ್ ಅಂತ ಇಟ್ಟುಕೊಳ್ಳೋಣ. ಈಗ ಮೆಷಿನ್ ಮೇಲೆ ಪಂಪಿನ ಫಿಕ್ಸ್‌ಚರೇ ಇದೆ. ಗೇರ್ ಬಾಕ್ಸನ್ನು ಮಧ್ಯದಲ್ಲಿ ತೂರಿಸಿದರೆ ಎರಡು ಸೆಟ್ಟಿಂಗ್, ಕೊನೆಗೆ ಹಾಕಿದರೆ ಒಂದೇ. ನಮ್ಮ ‘11 ಮತ್ತು 9’ ಇದ್ದದ್ದು ‘12 ಮತ್ತು 10’ ಆಯಿತು. ಇಬ್ಬರೂ ಒಂದೊಂದು ಗಂಟೆ ಕಳೆದುಕೊಂಡರು, ಸಿಕ್ಕಿದ್ದು ಯಾರಿಗೂ ಇಲ್ಲ. ಫೋನ್ ಬಂದಾಗಲೆಲ್ಲ ಜಾಬ್ ಇಳಿಸುತ್ತಿದ್ದ ನನ್ನ ಹಳೆಯ ಪ್ಲಾನಿಂಗಿನಲ್ಲಿ ಎಷ್ಟು ಗಂಟೆ ಹೀಗೆ ಹೋಗಿರಬಹುದು ಅಂತ ಈಗ ಲೆಕ್ಕ ಹಾಕಲು ಮನಸ್ಸಿಲ್ಲ.

ಸೆಟ್ಟಿಂಗ್ ಕಡಿಮೆಯಾದಷ್ಟೂ ಜಗಳ ಕಡಿಮೆ. 1969ರಲ್ಲಿ ಜಪಾನಿನ ಟೊಯೋಟಾದಲ್ಲಿ 1000 ಟನ್ನಿನ ಪ್ರೆಸ್ಸಿನ ಡೈ (ಅಚ್ಚು) ಬದಲಿಸಲು 4 ಗಂಟೆ ಹಿಡಿಯುತ್ತಿತ್ತು. ಶಿಗೆಯೊ ಶಿಂಗೊ ಅದನ್ನು ಮೊದಲು 90 ನಿಮಿಷಕ್ಕೆ, ಆಮೇಲೆ 3 ನಿಮಿಷಕ್ಕೆ ತಂದರು. ಗುಟ್ಟು ದೊಡ್ಡದೇನಲ್ಲ. ಮೆಷಿನ್ ಓಡುತ್ತಿರುವಾಗಲೇ ಮಾಡಬಹುದಾದ್ದನ್ನೆಲ್ಲ ಆಗಲೇ ಮಾಡಿ ಮುಗಿಸುವುದು. ಮುಂದಿನ ಫಿಕ್ಸ್‌ಚರ್ ಟ್ರಾಲಿ ಮೇಲೆ, ಟೂಲ್‌ಗಳು ಹೋಲ್ಡರಿನಲ್ಲಿ ಅಳತೆಯಾಗಿ, ಅಲೆನ್ ಕೀ ಹುಡುಕದೇ ಸಿಗುವ ಜಾಗದಲ್ಲಿ.

ಮೆಷಿನ್ ಎರಡಾದರೆ? ಮೊದಲು ಲೇತ್, ಆಮೇಲೆ ವಿಎಂಸಿ ಅನ್ನುವ ಹಾಗಿದ್ದರೆ 1954ರಲ್ಲಿ ಎಸ್. ಎಂ. ಜಾನ್ಸನ್ ಒಂದು ಚೆಂದದ ಉತ್ತರ ಕೊಟ್ಟಿದ್ದಾರೆ. ಎಲ್ಲ ಸಮಯಗಳಲ್ಲಿ ಅತಿ ಚಿಕ್ಕದನ್ನು ಹುಡುಕಿ. ಅದು ಲೇತಿನದಾದರೆ ಆ ಜಾಬ್ ಸಾಲಿನ ಮುಂದಕ್ಕೆ, ವಿಎಂಸಿಯದಾದರೆ ಸಾಲಿನ ಹಿಂದಕ್ಕೆ. ಉಳಿದವುಗಳಿಗೂ ಹಾಗೇ ಮಾಡುತ್ತಾ ಹೋಗಿ. ಇದು ಎಲ್ಲ ಜಾಬೂ ಒಬ್ಬರದೇ ಆಗಿದ್ದಾಗ. ಎರಡು ಪಾರ್ಟಿ ಬಂದು ಇಬ್ಬರೂ ‘ನಮ್ಮ ಕೊನೆಯದು ಬೇಗ ಮುಗಿಯಲಿ’ ಅಂದರೆ ಇಷ್ಟು ಸುಲಭದ ಲೆಕ್ಕವೂ ಕಷ್ಟದ ಪಟ್ಟಿಗೆ ಸೇರುತ್ತದೆ. ಒಬ್ಬರದೇ ಇದ್ದು ಮೆಷಿನ್ ಮೂರಾದರೂ ಅದೇ ಗತಿ ಅಂತ 1976ರಲ್ಲಿ ಗ್ಯಾರಿ, ಇನ್ನೊಬ್ಬ ಜಾನ್ಸನ್ ಮತ್ತು ಭಾರತೀಯ ಮೂಲದ ರವಿ ಸೇಥಿ ತೋರಿಸಿದರು. ಕಷ್ಟ ಎಷ್ಟು ಅಂದರೆ, 10 ಜಾಬ್ 10 ಮೆಷಿನ್ನಿನ ಒಂದು ಲೆಕ್ಕ 1963ರಲ್ಲಿ ಅಚ್ಚಾಯಿತು. ಅದರ ಎಲ್ಲ ಜಾಬನ್ನೂ 930 ಏಕಮಾನ ಹೊತ್ತಿಗಿಂತ ಬೇಗ ಮುಗಿಸಲು ಆಗದು ಅಂತ ಸಾಬೀತಾದದ್ದು 1989ರಲ್ಲಿ.

‘ಇನ್ನೊಂದು ಮೆಷಿನ್ ಹಾಕಿದರೆ ಆಯ್ತಲ್ಲ ಸಾರ್’ ಅನ್ನುವವರಿಗೆ ರೊನಾಲ್ಡ್ ಗ್ರಹಾಂ 1966ರಲ್ಲೇ ಒಂದು ಬರೆ ಹಾಕಿದ್ದಾರೆ. ಅವರ ಉದಾಹರಣೆಯಲ್ಲಿ 9 ಕೆಲಸ, 3 ಮೆಷಿನ್. ಕೆಲವು ಕೆಲಸ ಮುಗಿಯದೇ ಇನ್ನು ಕೆಲವು ಶುರುವಾಗುವ ಹಾಗಿಲ್ಲ. ಮೆಷಿನ್ ಖಾಲಿಯಾದ ಕೂಡಲೇ ಪಟ್ಟಿಯಲ್ಲಿ ಮುಂದಿರುವ, ತಯಾರಾದ ಕೆಲಸ ಹಾಕುವುದು ನಿಯಮ. ಎಲ್ಲ ಮುಗಿಯಲು 12 ಗಂಟೆ ಬೇಕಾಯಿತು ಅನ್ನಿ. ಅದೇ ಪಟ್ಟಿ ಇಟ್ಟುಕೊಂಡು ನಾಲ್ಕನೇ ಮೆಷಿನ್ ಸೇರಿಸಿದರೆ 15. ಜಾಸ್ತಿ! ಖಾಲಿ ಕೂರಬಾರದು ಅಂತ ಹೊಸ ಮೆಷಿನ್ ಆತುರಪಟ್ಟು ತಪ್ಪು ಕೆಲಸ ಎತ್ತಿಕೊಳ್ಳುತ್ತದೆ, ಮುಖ್ಯವಾದದ್ದು ಬರುವ ಹೊತ್ತಿಗೆ ಕೈ ಖಾಲಿ ಇರುವುದಿಲ್ಲ. ಪ್ರತಿ ಸಲವೂ ಹೀಗಾಗುತ್ತದೆ ಅಂತಲ್ಲ. ಆಗಬಹುದು ಅಂತ.

ಇಷ್ಟೆಲ್ಲ ಲೆಕ್ಕ ಮಾಡಿದ ಮೇಲೆ ರಾತ್ರಿ ಹತ್ತಕ್ಕೆ ಡ್ರಿಲ್ ಮುರಿಯುತ್ತದೆ, ಅಥವಾ ಕರೆಂಟು ಹೋಗುತ್ತದೆ. ಅದಕ್ಕೇ ಮಾತು ಕೊಡುವಾಗ ಸ್ವಲ್ಪ ಸಡಿಲ ಇಟ್ಟುಕೊಳ್ಳಬೇಕು. 11ಕ್ಕೆ ಆಗುವುದನ್ನು 12 ಅಂತ ಹೇಳುವುದು. ಪ್ರತಿ ಜಾಬಿಗೂ ಚೂರುಚೂರು ಸಡಿಲ ಸೇರಿಸಿದರೆ ಅದು ಕಾಣದೇ ಕರಗಿಹೋಗುತ್ತದೆ. ಮಾತು ಕೊಟ್ಟ ಗಂಟೆಗೆ ಮುಂಚೆ ಒಂದೇ ಕಡೆ ಇಟ್ಟರೆ ಉಪಯೋಗಕ್ಕೆ ಬರುತ್ತದೆ.

ಕೊನೆಗೆ ನಾನು ಬೋರ್ಡಿನಿಂದ ‘ಅರ್ಜೆಂಟ್’ ಒರೆಸಿ, ಆ ಜಾಗದಲ್ಲಿ ಗಂಟೆ ಬರೆಯಲು ಶುರು ಮಾಡಿದೆ. ಗಂಟೆ ಗೊತ್ತಾಗಬೇಕಾದರೆ ಕೇಳಬೇಕಲ್ಲ. ಒಂದು ಸಂಜೆ ಪಾರ್ಟಿಯೊಬ್ಬರ ಫೋನ್ ಬಂತು.

‘ಸಾರ್, ನಮ್ದು ತುಂಬಾ ಅರ್ಜೆಂಟು.’

‘ಎಷ್ಟು ಗಂಟೆಗೆ ಬೇಕು ಹೇಳಿ ಸಾರ್.’

‘ಅರ್ಜೆಂಟ್ ಅಂದ್ನಲ್ಲ.’

‘ಗಂಟೆ ಹೇಳಿ ಸಾರ್, ಬೋರ್ಡ್ ಮೇಲೆ ಬರ್ಕೋತೀನಿ.’

ಸ್ವಲ್ಪ ಹೊತ್ತು ಮಾತಿಲ್ಲ. ಆ ಕಡೆ ಯಾರನ್ನೋ ಕೇಳುತ್ತಿರುವುದು ಕೇಳಿಸಿತು.

‘ಟೆಂಪೊ ಬರೋದು ನಾಳೆ ಹನ್ನೊಂದಕ್ಕೆ. ಅಷ್ಟರಲ್ಲಿ ಆದ್ರೆ ಸಾಕು ಬಿಡಿ.’

ಆ ರಾತ್ರಿ ಬೇರೆ ಪಾರ್ಟಿಯ ಎರಡು ಸಣ್ಣ ಲಾಟ್ ಮೊದಲು ಇಳಿದವು. ಇವರದು ಬೆಳಿಗ್ಗೆ ಹತ್ತೂವರೆಗೆ ಪ್ಯಾಕ್ ಆಗಿ ಬಾಗಿಲ ಹತ್ತಿರ ಕೂತಿತ್ತು. ಟೆಂಪೊ ಬಂದದ್ದು ಹನ್ನೆರಡೂಕಾಲಿಗೆ.